ಕೈಯಲ್ಲಿ ಹಿಡಿದು ತೆಗೆದ ಫೋಟೊ ಶೇಕ್ ಆಗ್ತಿದೆಯಾ? ಸಾಫ್ಟ್ ರಿಲೀಸ್ ಬಟನ್ ಬಳಸುವ ಬಗೆ

ಟ್ರೈಪಾಡ್ ಇಲ್ಲದೆ ತೆಗೆದ ಫೋಟೊ ಶೇಕ್ ಆಗುತ್ತದೆ, ಏನು ಮಾಡಲಿ? ಶಟರ್ ಬಟನ್ ಮೇಲೆ ತಿರುಗಿಸಿ ಕೂರಿಸುವ ಆ ಪುಟ್ಟ ಬಟನ್ ಕೊಂಡರೆ ಸರಿಹೋಗುತ್ತದಾ? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಒಬ್ಬೊಬ್ಬರಿಗೂ ತುಂಡುತುಂಡಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹೇಳಿಬಿಡುತ್ತೇನೆ.

ಸರಿಹೋಗುತ್ತದೆ, ಆದರೆ ಒಂದು ಷರತ್ತಿದೆ. ಆ ಬಟನ್ ಬದಲಿಸುವುದು ನಿಮ್ಮ ಬೆರಳು ಒತ್ತುವ ರೀತಿಯನ್ನು. ರೀತಿ ಬದಲಾದರೆ ಫೋಟೊ ಬದಲಾಗುತ್ತದೆ. ಬಟನ್ ಕೂರಿಸಿಕೊಂಡು ಮೊದಲಿನ ಹಾಗೆಯೇ ಕುಟ್ಟಿದರೆ ದುಡ್ಡು ದಂಡ. ಹಾಗಾಗಿ ಕೊಳ್ಳುವುದಕ್ಕಿಂತ ಅಭ್ಯಾಸದ ಬಗ್ಗೆಯೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ‘ಸಾಫ್ಟ್ ರಿಲೀಸ್ ಬಟನ್’ ಅಥವಾ ‘ಸಾಫ್ಟ್ ಶಟರ್ ಬಟನ್’ ಎಂದು ಕೇಳಿ. ಹಿತ್ತಾಳೆ, ಅಲ್ಯೂಮಿನಿಯಂ ಅಥವಾ ಮರದ ಒಂದು ಚಿಕ್ಕ ತಟ್ಟೆ, ಅದರ ಕೆಳಗೆ ಥ್ರೆಡ್ (ಸ್ಕ್ರೂವಿನ ಮೈಮೇಲಿರುವಂಥ ಸುತ್ತುಗೆರೆ) ಇರುವ ಗಿಡ್ಡ ಕಡ್ಡಿ, ಅಷ್ಟೇ. ಸಾಧಾರಣದ್ದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೆನಡಾದ ವ್ಯಾಂಕೂವರ್‌ನಲ್ಲಿದ್ದ ಟಾಮ್ ಅಬ್ರಹಾಂಸನ್ ಲೈಕಾ ಎಂ ಕ್ಯಾಮೆರಾಗಳಿಗೆ ಮಾಡಿಕೊಡುತ್ತಿದ್ದ ‘ಸಾಫ್ಟ್‌ರಿಲೀಸ್’ ಲೈಕಾ ಬಳಗದಲ್ಲಿ ಬಹಳ ಹೆಸರು ಮಾಡಿತ್ತು. ಈಗ ಹತ್ತಾರು ಕಂಪನಿಗಳು ಮಾಡುತ್ತವೆ.

1. ಮೊದಲು ಫೋಟೊ ಯಾಕೆ ಕೆಟ್ಟಿದೆ ಎಂದು ನೋಡಿ

ಜನ ತಪ್ಪುವುದು ಇಲ್ಲೇ. ಮಸುಕಾದ ಫೋಟೊ ಎಲ್ಲವೂ ಕೈ ಅಲುಗಿ ಕೆಟ್ಟದ್ದಲ್ಲ. ಕೆಟ್ಟ ಫೋಟೊವೊಂದನ್ನು ಕಂಪ್ಯೂಟರ್‌ನಲ್ಲಿ ತೆರೆದು ಪೂರ್ತಿ ದೊಡ್ಡದು ಮಾಡಿ ನೋಡಿ.

ಹಿಂದಿನ ಗೋಡೆ, ಕಂಬ ಎಲ್ಲ ಸ್ಪಷ್ಟವಾಗಿದ್ದು ಮನುಷ್ಯ ಮಾತ್ರ ಮಸುಕಾಗಿದ್ದರೆ, ಅಲುಗಿದ್ದು ಅವನು, ನೀವಲ್ಲ. ಯಕ್ಷಗಾನದ ವೇಷ ಗಿರಕಿ ಹೊಡೆಯುತ್ತಿರುವಾಗ ತೆಗೆದ ಫೋಟೊಗಳಿಗೆ ಸಾಮಾನ್ಯವಾಗಿ ಇದೇ ಕಾಯಿಲೆ. ಇದಕ್ಕೆ ಸಾಫ್ಟ್ ಬಟನ್ ಮದ್ದಲ್ಲ, ಶಟರ್ ಸ್ಪೀಡ್ ಏರಿಸಬೇಕು. ಶಟರ್ ಸ್ಪೀಡ್ ಎಂದರೆ ಕ್ಯಾಮೆರಾದೊಳಗೆ ಬೆಳಕು ಬೀಳಲು ಬಿಡುವ ಹೊತ್ತು. 1/60 ಎಂದರೆ ಸೆಕೆಂಡಿನ ಅರವತ್ತರಲ್ಲೊಂದು ಪಾಲು. ಸ್ಪೀಡ್ ಏರಿಸುವುದು ಎಂದರೆ ಈ ಹೊತ್ತನ್ನು ಕಡಿಮೆ ಮಾಡುವುದು.

ಮುಖ ಮಸುಕಾಗಿದ್ದು ಅದರ ಹಿಂದಿನ ಕಿಟಕಿ ಚೆನ್ನಾಗಿ ಬಂದಿದ್ದರೆ ಅದು ಫೋಕಸ್ ತಪ್ಪಿದ್ದು.

ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ, ಬಲ್ಬಿನ ಚುಕ್ಕೆ ಗೆರೆಯಾಗಿದ್ದರೆ, ಅದು ಕೈ ಅಲುಗಿದ್ದು. ಆಗ ಮೂಲೆಗಳನ್ನೂ ನಡುವನ್ನೂ ಹೋಲಿಸಿ. ನಡುಭಾಗ ಪರವಾಗಿಲ್ಲ, ಮೂಲೆಗಳು ಮಾತ್ರ ಜಾಸ್ತಿ ಎಳೆದಿವೆ ಅಂತಾದರೆ ಬೆರಳಿನ ಮೇಲೆ ಅನುಮಾನ ಪಡಬಹುದು. ಶಟರ್ ಬಟನ್ ಇರುವುದು ಕ್ಯಾಮೆರಾದ ಬಲತುದಿಯಲ್ಲಿ ಅಲ್ವಾ? ಅಲ್ಲಿ ಕುಟ್ಟಿದಾಗ ಬಲಭಾಗ ಕುಸಿಯುತ್ತದೆ. ಇಡೀ ಕ್ಯಾಮೆರಾ ಲೆನ್ಸನ್ನೇ ನಡುವಾಗಿಟ್ಟುಕೊಂಡು ಸ್ವಲ್ಪ ತಿರುಗುತ್ತದೆ. ತಿರುಗಿದಾಗ ನಡುಭಾಗ ಕಡಿಮೆ ಸರಿಯುತ್ತದೆ, ಅಂಚುಗಳು ಜಾಸ್ತಿ ಸರಿಯುತ್ತವೆ.

‘ನನ್ನ ಲೆನ್ಸ್‌ನಲ್ಲಿ ಸ್ಟೆಬಿಲೈಸೇಶನ್ ಇದೆ, ಆದರೂ ಹೀಗಾಗುತ್ತದೆ’ ಎಂದು ಹಲವರು ಬರೆಯುತ್ತಾರೆ. ಸ್ಟೆಬಿಲೈಸೇಶನ್ ಎಂದರೆ ಕೈ ಅಲುಗಾಟವನ್ನು ಸರಿದೂಗಿಸುವ ವ್ಯವಸ್ಥೆ. ಲೆನ್ಸಿನೊಳಗೆ ಇರುವಂಥದ್ದು ಕ್ಯಾಮೆರಾ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ವಾಲುವುದನ್ನು ಸರಿಮಾಡುತ್ತದೆ. ಮೇಲೆ ಹೇಳಿದ ತಿರುಗುವ ಅಲುಗಾಟವನ್ನು ಅದು ಸರಿಮಾಡಲಾರದು. ಸೆನ್ಸರನ್ನೇ, ಅಂದರೆ ಒಳಗೆ ಬೆಳಕನ್ನು ಹಿಡಿದು ಚಿತ್ರ ಮಾಡುವ ಭಾಗವನ್ನೇ, ಅಲುಗಿಸಿ ಸರಿದೂಗಿಸುವ ಐದು ದಿಕ್ಕಿನ ವ್ಯವಸ್ಥೆ ಇರುವ ಕ್ಯಾಮೆರಾಗಳು ಅದನ್ನೂ ಒಂದು ಮಟ್ಟಿಗೆ ಸರಿಮಾಡುತ್ತವೆ. ಬೆರಳು ಪಳಗಿಸಿಕೊಂಡರೆ ಎರಡಕ್ಕೂ ಲಾಭವೇ.

2. ನಿಮ್ಮ ಕ್ಯಾಮೆರಾಗೆ ಇದು ಕೂರುತ್ತದಾ?

ಶಟರ್ ಬಟನ್ನಿನ ನಡುವೆ ಒಂದು ಚಿಕ್ಕ ತೂತು, ಅದರೊಳಗೆ ಥ್ರೆಡ್ ಕಂಡರೆ ಕೂರುತ್ತದೆ. ಆ ತೂತು ಇರುವುದು ಅಸಲಿಗೆ ಕೇಬಲ್ ರಿಲೀಸ್‌ಗಾಗಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಮುಟ್ಟದೆ ದೂರದಿಂದ ಕ್ಲಿಕ್ ಮಾಡಲು ಬಳಸುವ ತಂತಿ ಅದು. ಅದೇ ಥ್ರೆಡ್‌ಗೆ ಸಾಫ್ಟ್ ಬಟನ್ ಕೂರುತ್ತದೆ.

ಫ್ಯೂಜಿಫಿಲ್ಮ್‌ನ ಎಕ್ಸ್100 ಸಾಲಿನ ಕ್ಯಾಮೆರಾಗಳು, ಎಕ್ಸ್-ಪ್ರೊ ಸಾಲು, ಎಕ್ಸ್-ಟಿ2, ಟಿ3, ಟಿ4, ಟಿ5, ಟಿ20, ಟಿ30 ಇವಕ್ಕೆಲ್ಲ ಥ್ರೆಡ್ ಇದೆ. ಎಕ್ಸ್-ಟಿ1ಕ್ಕೆ ಇಲ್ಲ, ಹಳೆಯದನ್ನು ಸೆಕೆಂಡ್‌ಹ್ಯಾಂಡ್ ಕೊಂಡವರು ಗಮನಿಸಿ. ಲೈಕಾ ಎಂ, ನಿಕಾನ್ ಡಿಎಫ್‌ಗೆ ಇದೆ. ಮನೆಯ ಬೀರುವಿನಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾ ಇದ್ದರೆ ತೆಗೆದು ನೋಡಿ: ನಿಕಾನ್ ಎಫ್‌ಎಂ2, ಎಫ್3, ಪೆಂಟಾಕ್ಸ್ ಕೆ1000, ಕ್ಯಾನನ್ ಎಇ-1, ಒಲಿಂಪಸ್ ಓಎಂ-1 ಎಲ್ಲಕ್ಕೂ ಇದೆ. ನಿಕಾನ್ ಎಫ್ ಮತ್ತು ಎಫ್2 ಮಾತ್ರ ಬೇರೆ ಥರ. ಅವುಗಳಲ್ಲಿ ಥ್ರೆಡ್ ಇರುವುದು ಬಟನ್ನಿನ ಸುತ್ತ ಇರುವ ಉಂಗುರದ ಹೊರಮೈಯಲ್ಲಿ. ಸಾಮಾನ್ಯ ಸಾಫ್ಟ್ ಬಟನ್ ಅವಕ್ಕೆ ಕೂರುವುದಿಲ್ಲ.

ಕ್ಯಾನನ್ ಇಒಎಸ್, ಸೋನಿ ಆಲ್ಫಾ 7 ಕ್ಯಾಮೆರಾಗಳು, ನಿಕಾನ್‌ನ ಡಿ7000, ಡಿ750 ಥರದ ಡಿಎಸ್‌ಎಲ್‌ಆರ್‌ಗಳು (ಒಳಗೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾಗಳು), ಇವುಗಳ ಬಟನ್‌ಗೆ ತೂತೇ ಇಲ್ಲ. ಅಂಥವಕ್ಕೆ ಅಂಟಿಸುವ ಬಟನ್‌ಗಳು ಬರುತ್ತವೆ. ನನ್ನ ಮಟ್ಟಿಗೆ ಅವು ಬೇಡ. ನಮ್ಮ ಸೆಕೆಗೆ ಅಂಟು ಮೆತ್ತಗಾಗಿ ಜಾರುತ್ತದೆ, ಬಟನ್ ಸುತ್ತ ಕೊಳೆ ಕೂರುತ್ತದೆ. ಥ್ರೆಡ್ ಇಲ್ಲದವರು ನೇರವಾಗಿ 5ನೇ ಹಂತಕ್ಕೆ ಹೋಗಿ. ಅಲ್ಲಿ ಹೇಳಿದ ಬೆರಳಿನ ಕ್ರಮ ಎಲ್ಲ ಕ್ಯಾಮೆರಾಗೂ ಒಂದೇ.

3. ಯಾವುದನ್ನು ಕೊಳ್ಳಬೇಕು

ತಟ್ಟೆಯ ಆಕಾರ ಮೂರು ಥರ: ನಡುವೆ ತಗ್ಗಿರುವುದು, ಉಬ್ಬಿರುವುದು, ಚಪ್ಪಟೆ. ತಗ್ಗಿರುವುದರಲ್ಲಿ ಬೆರಳು ತಾನಾಗಿ ನಡುವೆ ಕೂರುತ್ತದೆ, ಹೊಸಬರಿಗೆ ಸುಲಭ. ಉಬ್ಬಿರುವುದು ಬೆರಳನ್ನು ಮಲಗಿಸಿ ಒತ್ತಲು ಚೆನ್ನ. ನಾನು ಶಿಫಾರಸು ಮಾಡುವುದು ಸ್ವಲ್ಪ ಉಬ್ಬಿರುವುದನ್ನೇ, ಯಾಕೆಂದು 5ನೇ ಹಂತದಲ್ಲಿ ಗೊತ್ತಾಗುತ್ತದೆ.

ಅಗಲದ ವಿಷಯದಲ್ಲಿ ಎಚ್ಚರ ಬೇಕು. ಫ್ಯೂಜಿ ಎಕ್ಸ್100, ಎಕ್ಸ್-ಟಿ ಕ್ಯಾಮೆರಾಗಳಲ್ಲಿ ಆನ್-ಆಫ್ ಸ್ವಿಚ್ ಇರುವುದು ಶಟರ್ ಬಟನ್ನಿನ ಸುತ್ತಲೇ. 12 ಮಿಲಿಮೀಟರ್‌ನಷ್ಟು ಅಗಲದ ತಟ್ಟೆ ಹಾಕಿದರೆ ಸ್ವಿಚ್ ತಿರುಗಿಸುವಾಗ ಬೆರಳಿಗೆ ತಡೆಯುತ್ತದೆ. 10 ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕದು ಸಾಕು. ಎತ್ತರವೂ ಕಡಿಮೆ ಇರಲಿ. ಎತ್ತರ ಹೆಚ್ಚಿದಷ್ಟೂ ಪಕ್ಕದಿಂದ ಏಟು ಬಿದ್ದರೆ ಕ್ಯಾಮೆರಾದ ಬಟನ್‌ಗೆ ಆಗುವ ಹಾನಿ ಜಾಸ್ತಿ.

ಕಡ್ಡಿಯ ಬುಡದಲ್ಲಿ ಚಿಕ್ಕ ರಬ್ಬರ್ ಉಂಗುರ ಇರುವುದನ್ನೇ ತೆಗೆದುಕೊಳ್ಳಿ. ಬಟನ್ ತಾನಾಗಿ ಸಡಿಲವಾಗದ ಹಾಗೆ ಅದು ಹಿಡಿದಿಡುತ್ತದೆ.

4. ಕೂರಿಸುವುದು

ಕ್ಯಾಮೆರಾ ಆಫ್ ಮಾಡಿ. ಬ್ಲೋವರ್‌ನಿಂದ ತೂತಿಗೆ ಗಾಳಿ ಹಾಕಿ ಧೂಳು ತೆಗೆಯಿರಿ. ಬಟನ್ನನ್ನು ನೆಟ್ಟಗೆ ತೂತಿನ ಮೇಲಿಟ್ಟು ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ಮೆಲ್ಲಗೆ ತಿರುಗಿಸಿ. ಒಂದು ಕಡೆ ಸಣ್ಣಗೆ ‘ಟಕ್’ ಎಂದು ಇಳಿದ ಹಾಗಾಗುತ್ತದೆ. ಥ್ರೆಡ್‌ಗೆ ಥ್ರೆಡ್ ಸಿಕ್ಕಿತು ಎಂದು ಅರ್ಥ. ಈಗ ಬಲಕ್ಕೆ ತಿರುಗಿಸಿ. ಬಿಗಿಯಾಗಿ ಓರೆಯಾಗಿ ಹೋಗುತ್ತಿದೆ ಅನ್ನಿಸಿದರೆ ತಕ್ಷಣ ನಿಲ್ಲಿಸಿ, ಬಿಚ್ಚಿ, ಮತ್ತೆ ಶುರು ಮಾಡಿ. ಥ್ರೆಡ್ ಹಾಳಾದರೆ ಶಟರ್ ಬಟನ್ನನ್ನೇ ಬದಲಿಸಬೇಕಾಗುತ್ತದೆ.

ಎರಡು ಬೆರಳಿನ ಬಿಗಿ ಸಾಕು. ಇಕ್ಕಳ ಹತ್ತಿರವೂ ಬೇಡ. ತೀರಾ ಬಿಗಿ ಮಾಡಿದರೆ ಮುಂದೆ ಬಿಚ್ಚುವಾಗ ಅದರ ಜೊತೆ ಕ್ಯಾಮೆರಾದ ಬಟನ್ ಕೂಡ ತಿರುಗಬಹುದು. ಹಾಗೆ ತಿರುಗಿದರೆ ಬಲ ಹಾಕದೆ ರಿಪೇರಿಯವರಿಗೆ ಕೊಡಿ.

ಕ್ಯಾಮೆರಾ ಆನ್ ಮಾಡಿ ಪರೀಕ್ಷಿಸಿ. ಅರ್ಧ ಒತ್ತಿದಾಗ ಫೋಕಸ್ ಆಗಬೇಕು, ಪೂರ್ತಿ ಒತ್ತಿದಾಗ ಕ್ಲಿಕ್ ಆಗಬೇಕು, ಬಿಟ್ಟ ಕೂಡಲೇ ಮೇಲೆ ಬರಬೇಕು. ಮುಟ್ಟದೆಯೇ ಫೋಕಸ್ ಆಗುತ್ತಿದ್ದರೆ ಅಥವಾ ತಾನಾಗಿ ಕ್ಲಿಕ್ ಆದರೆ ಕಡ್ಡಿ ನಿಮ್ಮ ಕ್ಯಾಮೆರಾಗೆ ಉದ್ದ ಆಗಿದೆ. ಇನ್ನೊಂದು ರಬ್ಬರ್ ಉಂಗುರ ಹಾಕಿ ನೋಡಿ, ಸರಿಹೋಗದಿದ್ದರೆ ವಾಪಸ್ ಮಾಡಿ. ಫಿಲ್ಮ್ ಕ್ಯಾಮೆರಾ ಆದರೆ ಈ ಪರೀಕ್ಷೆಯನ್ನು ಫಿಲ್ಮ್ ಹಾಕುವ ಮೊದಲೇ ಮುಗಿಸಿ.

ಸಾಫ್ಟ್ ಬಟನ್ ಬಗ್ಗೆ ಕೇಳಿಬರುವ ದೊಡ್ಡ ದೂರು ಎಂದರೆ ಅದು ಕಳೆದುಹೋಗುವುದು. ನಡೆಯುವಾಗ, ಬ್ಯಾಗಿಗೆ ಉಜ್ಜುವಾಗ ಸ್ವಲ್ಪ ಸ್ವಲ್ಪವೇ ಸಡಿಲವಾಗಿ ಎಲ್ಲೋ ಬಿದ್ದುಹೋಗುತ್ತದೆ. ರಬ್ಬರ್ ಉಂಗುರ ಸಾಲದಿದ್ದರೆ ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಥ್ರೆಡ್‌ಗೆ ಒಂದೇ ಸುತ್ತು ಹಾಕಿ. ಫೆವಿಕ್ವಿಕ್ ಥರದ ಗೋಂದು ಖಂಡಿತ ಬೇಡ. ಒಂದು ಹನಿ ಒಳಗಿಳಿದರೂ ಶಟರ್ ಬಟನ್ ಶಾಶ್ವತವಾಗಿ ಅಂಟಿಕೊಳ್ಳಬಹುದು.

5. ಬೆರಳು: ನಿಜವಾದ ಕೆಲಸ ಇಲ್ಲಿದೆ

ಸಾಮಾನ್ಯವಾಗಿ ನಾವು ಹೇಗೆ ಒತ್ತುತ್ತೇವೆ ನೋಡಿ. ತೋರುಬೆರಳು ಗಾಳಿಯಲ್ಲಿ ಬಾಗಿ ನಿಂತಿರುತ್ತದೆ. ಆ ಕ್ಷಣ ಬಂದಾಗ ಬೆರಳ ತುದಿ ಮೇಲಿನಿಂದ ಬಂದು ಬಟನ್ನನ್ನು ಕುಟ್ಟುತ್ತದೆ. ಕ್ಲಿಕ್ ಆದ ಕೂಡಲೇ ಬೆರಳು ಮೇಲೆ ಹಾರುತ್ತದೆ. ಈ ಎರಡೂ ಚಲನೆ ಕ್ಯಾಮೆರಾವನ್ನು ಅಲುಗಿಸುತ್ತವೆ.

ಸಾಫ್ಟ್ ಬಟನ್ ಇದ್ದಾಗ ಒತ್ತುವ ಜಾಗ ಕ್ಯಾಮೆರಾ ಮೈಯಿಂದ ಒಂದೆರಡು ಮಿಲಿಮೀಟರ್ ಮೇಲೆ ಬರುತ್ತದೆ. ಇದರಿಂದ ಬೆರಳನ್ನು ಬಾಗಿಸಬೇಕಿಲ್ಲ, ಕ್ಯಾಮೆರಾದ ಮೇಲ್ಭಾಗದಲ್ಲಿ ಮಲಗಿಸಬಹುದು. ಹೀಗೆ ಮಾಡಿ:

ಬೆರಳ ತುದಿಯನ್ನು ಬಟನ್ ದಾಟಿಸಿ ಸ್ವಲ್ಪ ಮುಂದಕ್ಕೆ ಚಾಚಿ. ಬಟನ್ ಈಗ ಬೆರಳಿನ ಮೊದಲ ಗೆಣ್ಣಿನ ಕೆಳಗಿನ ಮೆತ್ತನೆಯ ಭಾಗಕ್ಕೆ ತಾಗಬೇಕು. ಬೆರಳಿನ ಬುಡ ಕ್ಯಾಮೆರಾದ ಮೇಲೆಯೇ ಆನಿಕೊಂಡಿರಲಿ. ಈಗ ಬೆರಳನ್ನು ಎತ್ತದೆ, ಇದ್ದಲ್ಲೇ ನಿಧಾನವಾಗಿ ಭಾರ ಬಿಡಿ. ಮಾವಿನಹಣ್ಣು ಮಾಗಿದೆಯಾ ಎಂದು ಒತ್ತಿ ನೋಡುತ್ತೇವಲ್ಲ, ಅಷ್ಟೇ ಒತ್ತಡ. ಅದೇ ಹೊತ್ತಿಗೆ ಕ್ಯಾಮೆರಾದ ತಳದಲ್ಲಿ ಅಥವಾ ಹಿಂಬದಿಯಲ್ಲಿರುವ ಹೆಬ್ಬೆರಳು ಮತ್ತು ಉಳಿದ ಬೆರಳುಗಳು ಸ್ವಲ್ಪ ಬಿಗಿಯಾಗಿ ಎದುರು ಒತ್ತಡ ಕೊಡಲಿ. ಇಡೀ ಕೈ ಹಿಂಡಿದ ಹಾಗಾಗಬೇಕು, ಒಂದು ಬೆರಳು ಬಡಿದ ಹಾಗಲ್ಲ.

ಕ್ಲಿಕ್ ಆದ ಮೇಲೆ ಬೆರಳನ್ನು ಅಲ್ಲೇ ಬಿಡಿ. ಮನಸ್ಸಿನಲ್ಲಿ ‘ಒಂದು’ ಎಂದು ಎಣಿಸಿ ಆಮೇಲೆ ಸಡಿಲಿಸಿ. 1/8 ಸೆಕೆಂಡ್‌ನಂಥ ನಿಧಾನದ ಸ್ಪೀಡ್‌ನಲ್ಲಿ, ನಿಮಗೆ ಕ್ಲಿಕ್ ಆಯಿತು ಅನ್ನಿಸುವ ಹೊತ್ತಿಗೆ ಶಟರ್ ಇನ್ನೂ ತೆರೆದೇ ಇರಬಹುದು.

ಶುರುವಿನಲ್ಲಿ ಒಂದು ತೊಂದರೆ ಖಂಡಿತ ಆಗುತ್ತದೆ. ಹಾಫ್ ಪ್ರೆಸ್, ಅಂದರೆ ಫೋಕಸ್‌ಗಾಗಿ ಅರ್ಧ ಒತ್ತುವುದು, ಎಲ್ಲಿ ಮುಗಿಯುತ್ತದೆ ಎಂದು ಬೆರಳಿಗೆ ಗೊತ್ತಾಗುವುದಿಲ್ಲ. ಬೇಡದ ಫೋಟೊಗಳು ಕ್ಲಿಕ್ ಆಗುತ್ತವೆ. ಗಾಬರಿ ಬೇಡ. ಟಿವಿ ನೋಡುತ್ತ ಸುಮ್ನೆ ಕೂತಾಗ ಕ್ಯಾಮೆರಾ ಕೈಯಲ್ಲಿಟ್ಟುಕೊಂಡು ಅರ್ಧ ಒತ್ತಿ ಬಿಡುವುದನ್ನೇ ಮಾಡುತ್ತಿರಿ. ಆ ಗಡಿ ಬೆರಳಿಗೆ ಅಭ್ಯಾಸವಾಗುತ್ತದೆ. ಆದರೂ ಒಗ್ಗದಿದ್ದರೆ ಫೋಕಸ್ ಕೆಲಸವನ್ನೇ ಬೇರೆ ಬಟನ್‌ಗೆ ಕೊಡಿ. ಫ್ಯೂಜಿ ಮೆನುವಿನಲ್ಲಿ ‘ಶಟರ್ ಎಎಫ್’ ಆಫ್ ಮಾಡಿ, ಹಿಂಬದಿಯ ಬಟನ್ನಿನಿಂದ ಹೆಬ್ಬೆರಳಲ್ಲಿ ಫೋಕಸ್ ಮಾಡಬಹುದು. ಆಗ ಶಟರ್ ಬಟನ್‌ಗೆ ಉಳಿಯುವುದು ಕ್ಲಿಕ್ ಮಾಡುವ ಕೆಲಸ ಮಾತ್ರ.

6. ಮೈ ಮತ್ತು ಉಸಿರು

ಎಡ ಅಂಗೈ ಮೇಲ್ಮುಖವಾಗಿ ಲೆನ್ಸಿನ ಕೆಳಗಿರಲಿ. ಎರಡೂ ಮೊಣಕೈ ಪಕ್ಕೆಲುಬಿಗೆ ಅಂಟಿರಲಿ. ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ಇದ್ದರೆ ಅದನ್ನು ಹುಬ್ಬಿಗೆ ಒತ್ತಿಕೊಳ್ಳಿ, ಎರಡು ಕೈ ಜೊತೆ ಮುಖವೂ ಸೇರಿ ಮೂರು ಆಸರೆ ಆಗುತ್ತದೆ. ಸ್ಕ್ರೀನ್ ನೋಡಿಕೊಂಡು ತೆಗೆಯುವವರು ಕೊರಳಿನ ಪಟ್ಟಿ ಬಿಗಿಯಾಗುವ ತನಕ ಕ್ಯಾಮೆರಾವನ್ನು ಮುಂದಕ್ಕೆ ತಳ್ಳಿ ಹಿಡಿಯಿರಿ. ಕೈ ಚಾಚಿ ಸುಮ್ನೆ ಹಿಡಿಯುವುದಕ್ಕಿಂತ ಇದು ಎಷ್ಟೋ ಮೇಲು.

ಎದೆ ತುಂಬ ಉಸಿರು ಎಳೆದು ಬಿಗಿಹಿಡಿಯಬೇಡಿ, ಕೈ ಇನ್ನಷ್ಟು ನಡುಗುತ್ತದೆ. ಸಹಜವಾಗಿ ಉಸಿರು ಬಿಡಿ. ಬಿಟ್ಟ ಮೇಲೆ ಮತ್ತೆ ಎಳೆದುಕೊಳ್ಳುವ ಮೊದಲು ಒಂದು ಸಣ್ಣ ಬಿಡುವು ಇರುತ್ತದೆ. ಒತ್ತುವುದು ಆಗ.

ಬೇಲೂರಿನ ಚೆನ್ನಕೇಶವ ದೇವಸ್ಥಾನದ ನವರಂಗದಂಥ ಕತ್ತಲ ಜಾಗಗಳಲ್ಲಿ ಈ ಅಭ್ಯಾಸದ ಬೆಲೆ ತಿಳಿಯುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು. ಹಾಗಾಗಿ ಕೈಯೇ ಗತಿ. ಆದರೆ ಆಸರೆ ಬೇಕೆಂದು ಕೆತ್ತನೆಯ ಕಂಬಕ್ಕೆ ಕ್ಯಾಮೆರಾ ಒತ್ತಬೇಡಿ, ಭುಜ ಆನಿಸಬೇಡಿ. ಬೆವರು, ಉಜ್ಜಾಟ ಎರಡೂ ಕಲ್ಲಿಗೆ ಕೆಟ್ಟದ್ದು. ಜನರ ಓಡಾಟಕ್ಕೆ ಅಡ್ಡಿಯಾಗದ ಕಡೆ ಚಕ್ಕಳಮಕ್ಕಳ ಹಾಕಿ ಕೂತು, ಮೊಣಕೈಗಳನ್ನು ಮೊಣಕಾಲಿನ ಮೇಲೆ ಇಡಿ. ಚಾವಣಿಯ ಕೆತ್ತನೆ ತೆಗೆಯಬೇಕಾದರೆ ಕ್ಯಾಮೆರಾವನ್ನು ಒಂದು ಬಟ್ಟೆಯ ಮೇಲೆ ನೆಲದಲ್ಲಿ ಮೇಲ್ಮುಖವಾಗಿಟ್ಟು 2 ಸೆಕೆಂಡ್ ಟೈಮರ್ ಹಾಕಿದರೆ ಮುಗಿಯಿತು, ಬೆರಳಿನ ಹಂಗೇ ಇಲ್ಲ.

7. ಯಾವ ಸ್ಪೀಡ್‌ನಲ್ಲಿ ಪ್ರಯೋಜನ

ಹಳೆಯ ಲೆಕ್ಕ ಒಂದಿದೆ. ಲೆನ್ಸ್ ಎಷ್ಟು ಮಿಲಿಮೀಟರ್‌ನದೋ (ಫೋಕಲ್ ಲೆಂತ್ ಎಂದು ಲೆನ್ಸ್ ಮೇಲೆ ಬರೆದಿರುವ ಸಂಖ್ಯೆ) ಶಟರ್ ಸ್ಪೀಡ್ ಅಷ್ಟರಲ್ಲೊಂದು ಪಾಲಾದರೂ ಇರಬೇಕು. 50 ಎಂಎಂ ಲೆನ್ಸ್‌ಗೆ 1/50. ಚಿಕ್ಕ ಸೆನ್ಸರ್ ಇರುವ ಫ್ಯೂಜಿ ಎಕ್ಸ್ ಥರದ ಕ್ಯಾಮೆರಾಗಳಲ್ಲಿ ಲೆನ್ಸ್ ಸಂಖ್ಯೆಯನ್ನು 1.5ರಿಂದ ಗುಣಿಸಿಕೊಳ್ಳಿ. 23 ಎಂಎಂ ಆದರೆ ಸುಮಾರು 1/35 ಬರುತ್ತದೆ. ಎಕ್ಸ್-ಟಿ5, ಎಕ್ಸ್100 VI ಥರದ 40 ಮೆಗಾಪಿಕ್ಸೆಲ್ ಕ್ಯಾಮೆರಾಗಳಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಿದಾಗ ಚಿಕ್ಕ ಅಲುಗಾಟವೂ ಕಾಣುತ್ತದೆ. ಸ್ಟೆಬಿಲೈಸೇಶನ್ ಆಫ್ ಇದ್ದರೆ ಈ ಲೆಕ್ಕದ ಎರಡು ಪಟ್ಟು ವೇಗ ಇಟ್ಟುಕೊಳ್ಳುವುದು ಕ್ಷೇಮ.

ಸಾಫ್ಟ್ ಬಟನ್ ಕೆಲಸಕ್ಕೆ ಬರುವುದು ಈ ಗಡಿಯ ಆಸುಪಾಸಿನಲ್ಲಿ ಮತ್ತು ಅದಕ್ಕಿಂತ ಒಂದೆರಡು ಹಂತ ನಿಧಾನದ ಸ್ಪೀಡ್‌ನಲ್ಲಿ. ಬಿಸಿಲಲ್ಲಿ 1/1000ದಲ್ಲಿ ತೆಗೆಯುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಅರ್ಧ ಸೆಕೆಂಡ್‌ನಂಥ ಸ್ಪೀಡ್‌ನಲ್ಲಿ ಬೆರಳಿಗಿಂತ ಮೈಯ ತೂಗಾಟವೇ ದೊಡ್ಡದು, ಆಗಲೂ ಬಟನ್ ಒಂದರಿಂದಲೇ ಏನೂ ಆಗದು. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಮೇಲೆ ಹಾರುವಾಗ ಆಗುವ ಕಂಪನವನ್ನೂ ಇದು ತಡೆಯುವುದಿಲ್ಲ, ಅದಕ್ಕೆ ಲೈವ್ ವ್ಯೂ (ಹಿಂಬದಿಯ ಸ್ಕ್ರೀನಿನಲ್ಲಿ ನೋಡಿ ತೆಗೆಯುವ ಕ್ರಮ) ಬಳಸಿ.

ಇದರ ಜೊತೆಗೆ ಒಂದು ಸುಲಭದ ಉಪಾಯ: ಕ್ಯಾಮೆರಾವನ್ನು ನಿಧಾನದ ಕಂಟಿನ್ಯುಯಸ್ ಮೋಡ್‌ಗೆ (ಬಟನ್ ಒತ್ತಿ ಹಿಡಿದಷ್ಟು ಹೊತ್ತು ಒಂದರ ಹಿಂದೊಂದು ಫೋಟೊ ತೆಗೆಯುವ ಕ್ರಮ) ಹಾಕಿ, ಒಮ್ಮೆ ಒತ್ತಿ ಹಿಡಿದು ಮೂರು ಫೋಟೊ ತೆಗೆಯಿರಿ. ಮೊದಲನೆಯದರಲ್ಲಿ ಒತ್ತಿದ ಅಲುಗಾಟ, ಕೊನೆಯದರಲ್ಲಿ ಬಿಟ್ಟ ಅಲುಗಾಟ ಇರಬಹುದು. ನಡುವಿನದು ಎಷ್ಟೋ ಸಲ ಶಾರ್ಪ್ ಆಗಿರುತ್ತದೆ.

8. ನಿಮಗೆ ಉಪಯೋಗ ಆಯಿತಾ? ಪರೀಕ್ಷೆ ಮಾಡಿ

ಬೇರೆಯವರ ಮಾತು ಬಿಡಿ, ನನ್ನ ಮಾತೂ ಬಿಡಿ. ಒಂದು ದಿನಪತ್ರಿಕೆಯ ಪುಟವನ್ನು ಗೋಡೆಗೆ ಅಂಟಿಸಿ. ಎರಡು ಮೀಟರ್ ದೂರ ನಿಂತು, ಸ್ಟೆಬಿಲೈಸೇಶನ್ ಆಫ್ ಮಾಡಿ. 1/60, 1/30, 1/15, 1/8 ಈ ನಾಲ್ಕು ಸ್ಪೀಡ್‌ನಲ್ಲಿ ಬಟನ್ ಇಲ್ಲದೆ ಹತ್ತತ್ತು ಫೋಟೊ ತೆಗೆಯಿರಿ. ಸ್ವಲ್ಪ ಹೊತ್ತು ಬಿಟ್ಟು, ಬಟನ್ ಹಾಕಿ ಮತ್ತೆ ಅಷ್ಟೇ ತೆಗೆಯಿರಿ. ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ, ಚಿಕ್ಕ ಅಕ್ಷರದ ಒತ್ತಕ್ಷರಗಳು ಬಿಡಿಬಿಡಿಯಾಗಿ ಓದಲು ಸಿಗುವ ಫೋಟೊಗಳನ್ನು ಮಾತ್ರ ಎಣಿಸಿ. ಮೂಲೆಯ ಅಕ್ಷರಗಳನ್ನು ಮರೆಯಬೇಡಿ. ಮರುದಿನ ಕ್ರಮ ತಿರುಗಿಸಿ, ಮೊದಲು ಬಟನ್ ಹಾಕಿ ತೆಗೆಯಿರಿ. ಕೈ ದಣಿದದ್ದಕ್ಕೆ ಬಂದ ವ್ಯತ್ಯಾಸವೋ ಬಟನ್ನಿನದೋ ಎಂಬುದು ಆಗ ಗೊತ್ತಾಗುತ್ತದೆ.

5ನೇ ಹಂತದ ಅಭ್ಯಾಸ ಒಂದೆರಡು ವಾರ ಮಾಡಿದ ಮೇಲೆಯೇ ಈ ಪರೀಕ್ಷೆಗೆ ಕೂರಿ. ಕೊಂಡ ದಿನವೇ ಮಾಡಿದರೆ ಫಲಿತಾಂಶ ನಂಬುವ ಹಾಗಿರುವುದಿಲ್ಲ. ಆಮೇಲೂ ಎರಡರ ಎಣಿಕೆ ಒಂದೇ ಬಂದರೆ ನಿಮ್ಮ ಬೆರಳು ಈಗಾಗಲೇ ಚೆನ್ನಾಗಿ ಪಳಗಿದೆ. ಬಟನ್ ಬಿಚ್ಚಿಟ್ಟುಬಿಡಿ, ನಷ್ಟವೇನಿಲ್ಲ.

9. ಬ್ಯಾಗಿನಲ್ಲಿ ಇಡುವಾಗ

ಆಫ್ ಮಾಡದೆ ಬ್ಯಾಗಿಗೆ ಹಾಕಬೇಡಿ. ಎತ್ತರದ ಬಟನ್ ಬ್ಯಾಗಿನ ಗೋಡೆಗೆ ಒತ್ತಿಕೊಂಡು ಕ್ಯಾಮೆರಾ ಎಚ್ಚರವಾಗಿಯೇ ಇರುತ್ತದೆ, ಬ್ಯಾಟರಿ ಖಾಲಿಯಾಗುತ್ತದೆ. ಫಿಲ್ಮ್ ಕ್ಯಾಮೆರಾದಲ್ಲಿ ಒಂದು ಫ್ರೇಮ್ ಹಾಳು. ನಿಕಾನ್ ಎಫ್‌ಎಂ2ನಲ್ಲಿ ಫಿಲ್ಮ್ ಎಳೆಯುವ ಲಿವರನ್ನು ಪೂರ್ತಿ ಒಳಗೆ ತಳ್ಳಿದರೆ ಶಟರ್ ಬಟನ್ ಲಾಕ್ ಆಗುತ್ತದೆ, ಅದನ್ನು ರೂಢಿಸಿಕೊಳ್ಳಿ. ತುಂಬಿದ ಬಸ್ಸಿನಲ್ಲೋ ಜಾತ್ರೆಯಲ್ಲೋ ಕ್ಯಾಮೆರಾ ಕೊರಳಿಗೆ ಹಾಕಿಕೊಂಡಿದ್ದರೆ ಬಟನ್ ಮೇಲೆ ಅಂಗೈ ಇರಲಿ. ಪಕ್ಕದಿಂದ ಬೀಳುವ ಏಟು ಒಳಗಿನ ಬಟನ್ನನ್ನು ಬಾಗಿಸಬಹುದು. ದೂರದ ಪ್ರಯಾಣಕ್ಕೆ ಹೊರಡುವಾಗ ಬಿಚ್ಚಿ ಮೆಮೊರಿ ಕಾರ್ಡ್ ಡಬ್ಬಿಯಲ್ಲಿ ಹಾಕಿಕೊಳ್ಳುವುದು ಒಳ್ಳೆಯದು.

ಫೋನಿನಲ್ಲಿ ತೆಗೆಯುವವರಿಗೆ

ಒಂದೇ ಕೈಯಲ್ಲಿ ಫೋನ್ ಹಿಡಿದು ಹೆಬ್ಬೆರಳಿನಿಂದ ಸ್ಕ್ರೀನ್ ತಟ್ಟಿದರೆ ಫೋನ್ ವಾಲುತ್ತದೆ. ಅದರ ಬದಲು ಎರಡೂ ಕೈಯಲ್ಲಿ ಅಡ್ಡವಾಗಿ ಹಿಡಿದು ವಾಲ್ಯೂಮ್ ಕೀ ಒತ್ತಿ, ಹೆಚ್ಚಿನ ಫೋನ್‌ಗಳಲ್ಲಿ ಅದು ಶಟರ್ ಆಗಿಯೂ ಕೆಲಸ ಮಾಡುತ್ತದೆ. ಇಲ್ಲೂ ಒತ್ತುವ ಬೆರಳಿನ ಎದುರು ಬದಿಗೆ ಇನ್ನೊಂದು ಬೆರಳಿನ ಆಸರೆ ಕೊಡಿ. ಕತ್ತಲಲ್ಲಿ ನೈಟ್ ಮೋಡ್ ಬಳಸುವಾಗ 3 ಸೆಕೆಂಡ್ ಟೈಮರ್ ಹಾಕಿ. ಬ್ಲೂಟೂತ್ ರಿಮೋಟ್ ಇದ್ದರೆ ಫೋನನ್ನು ಎಲ್ಲಾದರೂ ಆನಿಸಿಟ್ಟು ಮುಟ್ಟದೆಯೇ ತೆಗೆಯಬಹುದು.